ನಲವತ್ತಾರು ಮಕ್ಕಳಿಗೆ ‘ಇಲ್ಲ’

ಜನವರಿ ೧೨, ಸೋಮವಾರ

ಹನ್ನೊಂದು ಕಂಪ್ಯೂಟರ್ ಆನ್ ಮಾಡಿದೆ. ಏಳು ಎದ್ದವು. ನೆಟ್ ಎಂದಿನಂತೆ ಇಲ್ಲ. ನಾಸಿಕ್‌ನಿಂದ ದಿನಾ ಬಸ್ಸಿನಲ್ಲಿ ಜೋತುಬಿದ್ದು ಘೋಟಿಯ ಈ ಶಾಲೆಗೆ ಬರುವುದು ಇದಕ್ಕೇ!

ಎಂಟನೇ ತರಗತಿಗೆ ಆನ್‌ಲೈನ್ ಆರೋಗ್ಯ ಶಿಕ್ಷಣ. ಪಾಠ ಮೂರು, ರಕ್ತಹೀನತೆ. ಪ್ರತಿ ಮಗು ತನ್ನ ಲಾಗಿನ್‌ನಲ್ಲಿ ವಿಡಿಯೋ ನೋಡಬೇಕು, ಆಮೇಲೆ ತನ್ನ ಮೈ ಬಗ್ಗೆ ಹತ್ತು ಪ್ರಶ್ನೆಗೆ ಉತ್ತರ. ತಲೆ ಸುತ್ತುತ್ತದೆಯೇ? ಮೆಟ್ಟಿಲು ಹತ್ತಿದರೆ ಏದುಸಿರೇ? ಮೂರು ‘ಹೌದು’ ಬಂದರೆ ಆ ಹೆಸರು ರಕ್ತ ಪರೀಕ್ಷೆಯ ಪಟ್ಟಿಗೆ ಹೋಗುತ್ತದೆ, ಡಾಕ್ಟರ ಗಾಡಿ ಶಾಲೆಗೇ ಬರುತ್ತದೆ. ಒಳ್ಳೆಯ ಯೋಜನೆ, ಸುಳ್ಳು ಹೇಳಬಾರದು.

ಕೊನೆಗೆ ಬೋರ್ಡಿನ ಮೇಲೆ ಬರೆದು ನೋಟ್‌ಬುಕ್ಕಿನಲ್ಲೇ ಉತ್ತರಿಸಿ ಎಂದೆ. ಸಮೀಕ್ಷಾ ತಂದು ತೋರಿಸಿದಳು. ಬೀದರ್ ಕಡೆಯ ಬಟ್ಟೆ ಅಂಗಡಿಯವರ ಹುಡುಗಿ, ನನ್ನ ಹತ್ತಿರ ಮಾತ್ರ ಮುರುಕು ಕನ್ನಡ. “ಮ್ಯಾಡಮ್, ನಂದು ಐದು ಹೌದು ಆಯ್ತು. ಚಕ್ಕರ್ ರೋಜ್ ಬರ್ತದ.” ದಿನಾ ತಲೆ ಸುತ್ತುತ್ತದಂತೆ.

ನೆಟ್ ಬಂದಾಗ ತುಂಬೋಣ ಎಂದೆ.

ಜನವರಿ ೧೭, ಶನಿವಾರ. ಮಧ್ಯಾಹ್ನ ೩

ಇವತ್ತು ಉತ್ತರ ತುಂಬಲು ಕೊನೆಯ ದಿನ. ಮಕ್ಕಳು ಮನೆಗೆ ಹೋಗಿಯಾಗಿದೆ. ಹೆಡ್‌ಮಾಸ್ಟರ್ ನರಹರಿ ಸರ್ ಬಾಗಿಲಲ್ಲಿ ನಿಂತು, ಎಲ್ಲ ಶಾಲೆಗಳದೂ ಮುಗಿದಿದೆ, ನಮ್ಮದು ಸೊನ್ನೆ ತೋರಿಸುತ್ತಿದೆ ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನದು ಕಾಂಟ್ರಾಕ್ಟ್ ನೌಕರಿ, ಮಾರ್ಚ್‌ಗೆ ಮುಗಿಯುತ್ತದೆ. ಮುಂದುವರಿಸುವ ಸಹಿ ಅವರದು.

ನನ್ನ ಮೊಬೈಲಿನ ನೆಟ್. ಪಾಸ್‌ವರ್ಡ್ ಎಲ್ಲ ರೋಲ್ ನಂಬರೇ, ನಾನೇ ಇಟ್ಟದ್ದು. ಒಬ್ಬೊಬ್ಬರಾಗಿ ನಾನೇ ಸುನೀಲ, ನಾನೇ ರೂಪಾ... ‘ಹೌದು’ ಒತ್ತಿದರೆ ಇನ್ನೊಂದು ಉದ್ದನೆಯ ಫಾರ್ಮ್ ತೆರೆಯುತ್ತದೆ. ಹಾಗಾಗಿ ಎಲ್ಲರಿಗೂ ‘ಇಲ್ಲ’.

ರೋಲ್ ನಂಬರ್ ಮೂವತ್ತೊಂದಕ್ಕೆ ಕೈ ತಡೆಯಿತು. ಸಮೀಕ್ಷಾ. ‘ಹೌದು’ ಒತ್ತಿದೆ. ಫಾರ್ಮ್ ತೆರೆದು ಅರ್ಧಕ್ಕೇ ನಿಂತಿತು. ಎರಡು ಸಲ. ಮೂರನೇ ಸಲ ಅವಳಿಗೂ ‘ಇಲ್ಲ’.

ಆ ಗಳಿಗೆಯಲ್ಲಿ ನಾಚಿಕೆಯಾಗಲಿಲ್ಲ. ನಾಲ್ಕರ ಬಸ್ಸು ಸಿಗುತ್ತದೆ ಅಂತ ಖುಷಿಯಾಯಿತು.

ಜನವರಿ ೨೭

ಪ್ರತಿ ಮಗುವಿನ ಹೆಸರಲ್ಲೂ ಸರ್ಟಿಫಿಕೇಟ್ ಬಂದಿದೆ — ‘ಯಾವ ತೊಂದರೆಯೂ ಇಲ್ಲ.’ ಮನೆಮನೆಗೆ ಕಳಿಸಿದರು. ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲದ ಶಾಲೆಗೆ ಡಾಕ್ಟರ ಗಾಡಿ ಬರುವುದಿಲ್ಲವಂತೆ.

ನರಹರಿ ಸರ್ ಹತ್ತಿರ ಹೋದೆ. ಒಂದು ಮಗುವಿನ ಉತ್ತರ ತಪ್ಪಾಗಿದೆ, ತಿದ್ದಬಹುದೇ? ತಿದ್ದಲು ಶಾಲೆಯ ಪತ್ರ ಬೇಕಂತೆ, ಉತ್ತರ ತುಂಬಿದವರ ಹೆಸರಿನ ಸಮೇತ. “ಲಿಖೂಂ ಕ್ಯಾ, ಮ್ಯಾಡಮ್?” ಎಂದು ನಕ್ಕರು. ಬರೆಯಲೇ ಅಂತೆ! ಬೇಡ ಎಂದು ಬಂದೆ.

ಮನೆಯಲ್ಲಿ ನಮ್ಮ ಯಜಮಾನರಿಗೆ ಹೇಳಿದರೆ, ಬ್ಯಾಂಕಿನಿಂದ ಬಂದವರು ಶೂ ಕೂಡ ಬಿಚ್ಚಲಿಲ್ಲ. “ಯಾರಿಗ್ ಗೊತ್ತಾಗ್ತದ? ಸುಮ್ನ ಕೂಡು.”

ಫೆಬ್ರವರಿ ೩

ಸಮೀಕ್ಷಾಳ ಅಜ್ಜಿ ಚನ್ನಮ್ಮ ಶಾಲೆಗೇ ಬಂದರು, ಹುಡುಗಿಯ ರಟ್ಟೆ ಹಿಡಿದುಕೊಂಡು.

“ನೋಡ್ರಿ ಬಾಯಾರ, ದಿನಾ ಇಕಿದು ನಾಟಕ. ಮಾಳಗಿ ಮ್ಯಾಲ ಒಗದ ಅರಬಿ ಒಣಹಾಕಿ ಬಾ ಅಂದ್ರ ತಲಿ ತಿರಗ್ತದ ಅಂತಾಳ. ಕಂಪ್ಯೂಟರ್‌ದಾಗ ಏನೂ ಇಲ್ಲಂತ ಬಂದದ. ನೀವೇ ಬುದ್ಧಿ ಹೇಳ್ರಿ.”

“ಒಮ್ಮಿ ದವಾಖಾನಿಗೆ ತೋರಸ್ರಲ್ಲ, ಅಮ್ಮಾ.”

“ಮತ್ತ್ಯಾಕ್ರಿ? ನೀವಽ ಕಾಗದ ಕೊಟ್ಟೀರಲ್ಲ!”

ಹುಡುಗಿ ನನ್ನನ್ನೇ ನೋಡಿದಳು. ತಾನೇನು ಬರೆದಿದ್ದಳೆಂದು ಅವಳಿಗೆ ಗೊತ್ತು. ನಾನು ಹಾಜರಿ ಪುಸ್ತಕ ತೆರೆದು ಕೂತೆ. ಬಿಸಿತುಪ್ಪ — ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ಫೆಬ್ರವರಿ ೧೦

ಸಂಭಾಜಿನಗರದ ತರಬೇತಿ ಕೇಂದ್ರದಿಂದ ಪತ್ರ. ಶಿಕ್ಷಕರ ತರಬೇತಿಯಲ್ಲಿ ನಾನು ಮಾತಾಡಬೇಕಂತೆ. ಹಳ್ಳಿ ಕಡೆಯ ನೆಟ್‌ನಲ್ಲಿ ನೂರಕ್ಕೆ ನೂರು ಮುಗಿಸಿದ್ದು ಹೇಗೆ ಅಂತ! ಸ್ಟಾಫ್‌ರೂಮಿನಲ್ಲಿ ಪೇಡೆ ಹಂಚಿದರು. ನರಹರಿ ಸರ್, ಕಾಂಟ್ರಾಕ್ಟ್ ಚಿಂತೆ ಬಿಡಿ ಎಂದರು.

ಇವತ್ತೂ ಸಮೀಕ್ಷಾ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಎಬ್ಬಿಸಲಿಲ್ಲ.

ಫೆಬ್ರವರಿ ೧೯. ಪ್ರಯಾಣ

ಬಸ್ಸಿನಲ್ಲಿ ಏಳು ಸಲ ಚನ್ನಮ್ಮನವರ ನಂಬರ್ ತೆಗೆದೆ. ಒತ್ತಲಿಲ್ಲ.

ಫೆಬ್ರವರಿ ೨೦. ಸಂಭಾಜಿನಗರ, ಬೆಳಿಗ್ಗೆ ೧೦.೪೦

ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಈಗಷ್ಟೇ ಚನ್ನಮ್ಮನವರೇ ಫೋನ್ ಮಾಡಿದ್ದರು.

“ಬಾಯಾರ, ಕೂಸು ಹಸಿ ಅರಬಿ ಹೊತ್ತು ಮಾಳಗಿ ಹತ್ತಲಿಕ್ಕೆ ಹೋಗಿ ಬಿತ್ತರಿ. ಈಗ ಕಣ್ಣ ತೆರದಾಳ... ಇದೂ ನಾಟಕ ಏನ್ರಿ? ನೀವಽ ಹೇಳ್ರಿ.”

ಸುತ್ತ ಇನ್ನೂರು ಜನ. ಎದ್ದು ಹೊರಗೆ ಹೋಗಲೂ ಆಗಲಿಲ್ಲ. ಅಲ್ಲೇ ಹೇಳಿಬಿಟ್ಟೆ.

“ನಾಟಕ ಅಲ್ಲರಿ, ಅಮ್ಮಾ. ಆ ಕಾಗದ ಸುಳ್ಳು. ನಾನೇ ತುಂಬೀನಿ. ಆಕಿ ತಲಿ ತಿರಗ್ತದಂತನೇ ಬರದಿದ್ದಳು. ಈಗಿಂದೀಗ ದವಾಖಾನಿಗೆ ಒಯ್ರಿ, ರಕ್ತ ತಪಾಸ ಮಾಡಸ್ರಿ.”

ಬೈಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಒಂದೇ.

“ಹಂಗಾರ ನಾ ಆಕಿನ್ನ ಸುಮ್ನ ಹೊಡದಂಗಾಯ್ತಲ್ರಿ, ಬಾಯಾರ?”

ಫೋನ್ ಇಟ್ಟರು.

ಮೈಕಿನಲ್ಲಿ ನನ್ನ ಹೆಸರು ಕರೆಯುತ್ತಿದ್ದಾರೆ. ಚಪ್ಪಾಳೆ. ಪಕ್ಕದವರು ಏಳಿ ಎನ್ನುತ್ತಿದ್ದಾರೆ. ಪರದೆಯ ಮೇಲೆ ನಲವತ್ತಾರು ಹೆಸರು, ಎಲ್ಲಕ್ಕೂ ಹಸಿರು ಟಿಕ್. ಏಳುತ್ತೇನೆ. ಮೂವತ್ತೊಂದನೆಯದನ್ನು ತೆರೆದು, ಇವರೆಲ್ಲರ ಮುಂದೆ, ಮೊದಲು ಹೇಳುವುದು ಇದನ್ನೇ: ಇದನ್ನು ತುಂಬಿದವಳು ನಾನು.