ಇನ್ನೊಂದು ಸುತ್ತು ಬಿಗಿ ಮಾಡುವ ತಮ್ಮನಿಗೆ

ಕೆಂಗೇರಿ ಉಪನಗರ
ಶುಕ್ರವಾರ, ಊಟವಾದ ಮೇಲೆ

ಪ್ರೀತಿಯ ತಮ್ಮ ಭೈರೇಶನಿಗೆ, ನಿನ್ನ ಅಕ್ಕ ತಲೆ ಚಚ್ಚಿಕೊಳ್ಳುತ್ತಲೇ ಮಾಡುವ ಆಶೀರ್ವಾದ.

ಫೋನಿನಲ್ಲಿ ಹೇಳೋಣವೆಂದರೆ, "ಅಕ್ಕಾ, ಮೆಷಿನ್ ಓಡ್ತೈತೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ತಂತಿಯಿಂದ ಉಕ್ಕು ಸೀಳುವ ಆ ವೈರ್‌ಕಟ್ ಮೆಷಿನ್ನು ತನ್ನಷ್ಟಕ್ಕೆ ಓಡುತ್ತದೆ, ಅದಕ್ಕೆ ನಿನ್ನ ಕಿವಿ ಬೇಕಿಲ್ಲ. ಅದಕ್ಕೇ ಈ ಕಾಗದ. ನಾಗರಬಾವಿಗೆ ಕಾಲೇಜಿಗೆ ಹೋಗುವ ಮೊಮ್ಮಗಳು ಮಾನಸಳ ಕೈಲಿ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೂ ಎದುರಲ್ಲೇ ನಿಂತಿರಬೇಕೆಂದು ಹೇಳಿದ್ದೇನೆ.

ನಿನ್ನ ಸೊಸೆ ಚೈತ್ರ ಸೋಮವಾರದಿಂದ ಪೀಣ್ಯದಲ್ಲಿ ಬೇರೆ ಯಾರದೋ ಶಾಪಿಗೆ ಕೆಲಸಕ್ಕೆ ಹೋಗುತ್ತಾಳಂತೆ. ಮನೆಯ ಕೆಳಗೇ ಸ್ವಂತ ಮೆಷಿನ್ ಇಟ್ಟುಕೊಂಡು, ಅದನ್ನು ಚೆನ್ನಾಗಿ ನಡೆಸುವ ಹುಡುಗಿಯನ್ನು ಪರರ ಮೆಷಿನ್ನಿಗೆ ಕಳಿಸಿಕೊಡುವ ಬುದ್ಧಿವಂತ ಇಡೀ ಮೂಡಲಪಾಳ್ಯದಲ್ಲಿ ನೀನೊಬ್ಬನೇ. ರೇವಂತನನ್ನು ಕೇಳಿದರೆ, "ಅಪ್ಪಂಗೂ ಅವ್ಳಿಗೂ ಮಧ್ಯೆ ನಾನ್ ಬರಲ್ಲ ಅತ್ತೆ" ಎಂದು ಮೊಬೈಲ್ ಉಜ್ಜುತ್ತಾ ಕೂತ. ನಿನ್ನ ಮಗನೇ ಬಿಡು.

ನೀನು ಲೇತಿನ ಮುಂದೆ ಬೆಳೆದವನು. ಲೇತಿನ ಟೂಲು ಉಕ್ಕನ್ನು ತಳ್ಳುತ್ತದೆ, ಸಡಿಲ ಬಿಟ್ಟರೆ ಎಗರಿ ಹಣೆಗೆ ಬರುತ್ತದೆ. ಅದು ನನಗೂ ಗೊತ್ತು. ನಿನ್ನ ಹಿಂದಿನ ರಾಜಾಜಿನಗರದ ಶೆಡ್ಡಿನ ಮೂಲೆಯಲ್ಲಿ ಕೂತು ಪಾರ್ಟುಗಳ ಅಂಚು ಉಜ್ಜಿದವಳು ನಾನು, ಎರಡಕ್ಷರ ಕಲಿತದ್ದೂ ಅಲ್ಲೇ, ಪಾರ್ಟು ಸುತ್ತಿ ಬಂದ ಹಳೇ ಪೇಪರ್ ಓದಿಕೊಂಡು. ಆದರೆ ಈ ಮೆಷಿನ್ನಿನ ತಂತಿ ತಾನು ಸೀಳುವ ಪೈಪನ್ನು ಮುಟ್ಟುವುದೇ ಇಲ್ಲವಲ್ಲೋ. ನೀರಿನೊಳಗೆ ಕಿಡಿ ಹಾರಿಸಿ ಕರಗಿಸಿಕೊಂಡು ಹೋಗುತ್ತದೆ. ತಳ್ಳದ ತಂತಿಗೆ ಅಷ್ಟೊಂದು ಬಿಗಿ ಯಾಕೆ? ನೀರಿನ ರಭಸಕ್ಕೆ ಪೈಪು ಅಲುಗದೆ ನಿಂತರೆ ಸಾಕು.

ಅದೂ ಎಂಥ ಪೈಪು. ಆಸ್ಪತ್ರೆಯ ಸಾಮಾನಿಗೆ ಹೋಗುವಂಥದು, ಅದರ ಗೋಡೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಹೋದ ತಿಂಗಳು ನಿಮ್ಮಲ್ಲಿದ್ದಾಗ ಶಾಪಿನ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ನೋಡಿದೆನಲ್ಲ. ಚೈತ್ರ ಅದನ್ನು ವೈಸಿನ ಎರಡು ದವಡೆಗಳ ನಡುವೆ ಮೆತ್ತಗೆ ಹಿಡಿಸಿ ಕೈ ತೊಳೆಯಲು ಹೋಗುತ್ತಾಳೆ. ನೀನು ಹಿಂದೆಯೇ ಹೋಗಿ ಹಿಡಿಗೆ ಇನ್ನೊಂದು ಸುತ್ತು ಹಾಕುತ್ತೀಯ. ಮನೆಯಲ್ಲೂ ಇದೇ ಕತೆ. ನೀನು ಮುಚ್ಚಿದ ನಲ್ಲಿ ತೆಗೆಯಲು ಪ್ಲಂಬರ್ ಬರಬೇಕು. ನಿನ್ನ ಹೆಂಡತಿ ಉಪ್ಪಿನಕಾಯಿ ಬಾಟಲಿಯನ್ನು ಪಕ್ಕದ ಮನೆಗೆ ಒಯ್ದು ಬಿಚ್ಚಿಸಿಕೊಂಡು ಬರುತ್ತಾಳೆ.

ವೈಸಿನಲ್ಲಿ ಪೈಪು ಅಮುಕಿಕೊಂಡಿರುವಾಗ ತಂತಿ ನೇರವಾಗಿ ಸೀಳುತ್ತದೆ. ನೀನು ಅಲ್ಲೇ ಅಳೆದು "ಕರೆಕ್ಟಾಗೈತೆ" ಅನ್ನುತ್ತೀಯ. ಬಿಚ್ಚಿದ ಕೂಡಲೇ ಪೈಪು ಮತ್ತೆ ದುಂಡಗಾಗುತ್ತದೆ, ಸೀಳು ಸೊಟ್ಟಗಾಗುತ್ತದೆ. ಮಾಲು ವಾಪಸ್ಸು, ಬೈಗುಳ ಚೈತ್ರಳಿಗೆ.

ಗೀರು ಬೀಳಬಾರದೆಂದು ಪೈಪಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ ದಿನವಂತೂ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪೈಪಿಗೆ ಕರೆಂಟು ಹರಿದರೆ ತಾನೇ ಕಿಡಿ? ಮೆಷಿನ್ನು ಸುಮ್ಮನೆ ನಿಂತಿತು. ನೀನು ರಿಪೇರಿಯವನಿಗೆ ಫೋನ್ ಮಾಡಿ ಜಗಳಕ್ಕೆ ನಿಂತೆ. ಅಷ್ಟರಲ್ಲಿ ಚೈತ್ರ ಬಂದು ನಿನ್ನ ಬೆನ್ನ ಹಿಂದೆ ರಬ್ಬರು ಬಿಚ್ಚಿಟ್ಟು ಒಳಗೆ ಹೋದಳು. ಮೆಷಿನ್ ಓಡಿತು. "ನೋಡ್ದಾ ಅಕ್ಕ, ನಾನ್ ಬೈದಿದ್ದಕ್ಕೆ ಅವ್ನು ಅಲ್ಲಿಂದ್ಲೇ ಸರಿ ಮಾಡ್ದ" ಅಂದೆ.

ಕೊನೆಗೆ ಅವಳೇ ಒಂದು ಹಿತ್ತಾಳೆ ತುಂಡು ತಂದು, ಪೈಪಿನ ಹೊರಮೈಗೆ ಸರಿಯಾಗಿ ತೂತು ಕೊರೆಸಿ, ಒಂದು ಪಕ್ಕ ಸೀಳಿ, ಅಲ್ಲಿಗೆ ಸಣ್ಣ ಸ್ಕ್ರೂ ಹಾಕಿದಳು. ಪೈಪನ್ನು ಅದರೊಳಗೆ ತೂರಿಸಿದರೆ ಸುತ್ತಲೂ ಒಂದೇ ಸಮ ಹಿಡಿಯುತ್ತದೆ, ಜಾತ್ರೆಯಲ್ಲಿ ಮಗುವಿನ ಮಣಿಕಟ್ಟು ಹಿಡಿದ ಹಾಗೆ. ಮಾಲು ಪೂರ್ತಿ ಪಾಸಾಯಿತು. ಆ ಸ್ಕ್ರೂ ತಿರುಗಿಸಲು ಅಲೆನ್ ಕೀ ಎಂಬ ಆರುಮೂಲೆಯ ಕಡ್ಡಿ ಬೇಕು, ಕೀ ಚೈತ್ರಳ ಜೇಬಿನಲ್ಲಿ. ಮೊನ್ನೆ ಗಿರಾಕಿ ಚಕ್ರಪಾಣಿಯವರ ಎದುರಿಗೇ ಕೇಳಿದೆಯಂತೆ, "ನನ್ ಶಾಪ್‌ನಲ್ಲಿ ನಂಗೇ ಕೀ ಇಲ್ವೇನಮ್ಮ?" ಅವಳು, "ಎಷ್ಟ್ ಬೇಕೋ ಅಷ್ಟು ಟೈಟಾಗೇ ಇದೆ ಮಾವ" ಅಂದಳಂತೆ. ಚಕ್ರಪಾಣಿ ನಕ್ಕುಬಿಟ್ಟರಂತೆ. ಅಷ್ಟಕ್ಕೇ, "ನಾಳೆಯಿಂದ ಮೆಷಿನ್ ನಾನ್ ನೋಡ್ಕೋತೀನಿ, ನೀನು ಅಡಿಗೆಮನೆ ನೋಡ್ಕೋ" ಎಂದೆಯಂತೆ.

ಕೇಳಿಸಿಕೋ. ಕೀ ಜೇಬಿನಲ್ಲಿಟ್ಟುಕೋ ಎಂದು ಹೇಳಿಕೊಟ್ಟವಳು ನಾನು. "ಬೇಡ ದೊಡ್ಡತ್ತೆ, ಮಾವಂಗೆ ಬೇಜಾರಾಗತ್ತೆ" ಎಂದು ಅವಳು ಕೊಸರಾಡಿದಳು. ನೀನು ಬಿಗಿ ಮಾಡುವುದು ಅವಳಿಗೆ ಮೊದಲಿಂದಲೂ ಗೊತ್ತಿತ್ತು ಕಣೋ. ಸೊಟ್ಟ ಪೈಪುಗಳನ್ನು ಮೇಜಿನ ಮೇಲೆ ಸುರಿದು ಚಕ್ರಪಾಣಿ ಕೂಗಾಡಿದ ದಿನವೂ ಅವಳು ತಲೆ ತಗ್ಗಿಸಿ ನಿಂತಳೇ ಹೊರತು ನಿನ್ನ ಹೆಸರು ಎತ್ತಲಿಲ್ಲ. ಯಾಕಮ್ಮ ಎಂದು ಆಮೇಲೆ ಕೇಳಿದೆ. "ಗಿರಾಕಿ ಮುಂದೆ ಮಾವನ್ನ ಹೆಂಗೆ ಬಿಟ್ಕೊಡ್ಲಿ?" ಅಂದಳು.

ಕ್ಷಮೆ ಕೇಳು ಅನ್ನುವುದಿಲ್ಲ. ಅದು ನಿನ್ನ ಬಾಯಿಗೆ ಬರುವುದಿಲ್ಲ, ಬಂದರೂ ನಿನಗೆ ಮೈ ಸರಿಯಿಲ್ಲವೇನೋ ಎಂದು ಅವಳು ಹೆದರಿಯಾಳು. ಭಾನುವಾರ ಶಾಪು ತೆಗೆದು ಅವಳನ್ನು ಕರೆ. ಒಂದು ಪೈಪು ಕೈಗೆ ಕೊಡು. ಅವಳು ಹಿಡಿಸಿ ಮುಗಿಸುವವರೆಗೂ ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲು. ಬೆರಳು ತುರಿಸಿದರೆ ಗೋಡೆ ಹಿಡಿದುಕೋ. ಅವಳು ನಿನ್ನ ಮುಖ ನೋಡಿದಾಗ, "ಓಡ್ಸಮ್ಮ" ಅನ್ನು, ಸಾಕು. ಪೀಣ್ಯದವರಿಗೆ ಬರುವುದಿಲ್ಲ ಎಂದು ಹೇಳುವುದು ಬಿಡುವುದು ಅವಳಿಷ್ಟ. ಹೋಗುತ್ತೇನೆ ಅಂದರೆ ಬಸ್‌ಸ್ಟಾಪಿನವರೆಗೂ ಬಿಟ್ಟು ಬಾ.

ಹಿಡಿಯುವುದಕ್ಕೂ ಬಿಡುವುದಕ್ಕೂ ದೇವರು ನಿನ್ನ ಕೈಗೆ ಹದ ಕೊಡಲಿ.

ನಿನ್ನಿಂದ ಸಾಕಾಗಿಹೋಗಿರುವ, ಆದರೂ ನಿನ್ನವಳೇ ಆದ ಅಕ್ಕ,
ಚಿಕ್ಕಲಕ್ಷ್ಮಮ್ಮ