ತೆಳು ತುದಿಯಲ್ಲಿ ಎಂಟು ಇಂಚು

ಕಿಲೆಲೆಶ್ವಾ, ನೈರೋಬಿ, ಏಪ್ರಿಲ್ ೨೦೦೭

ಜಯತೀರ್ಥ,

ಇವತ್ತು ಲ್ಯಾವಿಂಗ್ಟನ್ನಿನಲ್ಲಿ ನಾವು ಕಟ್ಟಿದ ಶಾಲೆಯ ಊಟದ ಹಾಲ್ ಮೇಲೆ ಅರ್ಧ ಗಂಟೆ ಆಲಿಕಲ್ಲು ಸುರಿಯಿತು ಕಣೋ. ಚಾವಣಿಯ ಮೇಲೆ ಗೇಣು ದಪ್ಪದ ಬಿಳಿ ರಾಶಿ. ಕೆಳಗೆ ನಲವತ್ತು ಮಕ್ಕಳು, ಜೊತೆಗೆ ನಾನು.

ನೀನು ದುಂಡು ತೊಲೆಗಳ ಲೆಕ್ಕದಲ್ಲಿ ಹಿಮದ ಭಾರವನ್ನೂ ಸೇರಿಸಿ, ತೆಳು ತುದಿಯಲ್ಲೇ ಎಂಟು ಇಂಚು ದಪ್ಪ ಇರಬೇಕು ಎಂದು ಬರೆದಿದ್ದೆ. "ನೈರೋಬೀಲಿ ಹಿಮ ಎಲ್ಲೋ ಬೀಳತ್ತೆ?" ಎಂದು ಎಲ್ಲರೆದುರು ನಕ್ಕು, ಬುಡದಲ್ಲಿ ಎಂಟಿದ್ದರೆ ಸಾಕು ಎಂದು ತಿದ್ದಿದವನು ನಾನು. ಮರುವಾರವೇ ನೀನು ಕೆಲಸ ಬಿಟ್ಟೆ.

ಒಂದು ತೊಲೆಯೂ ಬಾಗಲಿಲ್ಲ. ಮಕ್ಕಳು ಹೊರಟ ಮೇಲೆ ಏಣಿ ಹತ್ತಿ ತೆಳು ತುದಿಗೆ ಟೇಪ್ ಹಿಡಿದೆ. ಸರಿಯಾಗಿ ಎಂಟು. ಕೆಳಗಿದ್ದ ಬಡಗಿ ಮುಟುವಾ, "ನಿಮ್ಮ ಗೆಳೆಯರು ಹೇಳಿದ ಹಾಗೇ ಮರ ಆರಿಸಿದ್ದು, ಬ್ವಾನಾ. ನಿಮಗೆ ಹೇಳಿದ್ರೆ ನಗ್ತಿದ್ರಿ" ಎಂದ. ನಾನು ಟೇಪ್ ಸುತ್ತಿಕೊಂಡು ಕೆಳಗಿಳಿದೆ.

ಹೆಡ್‌ಮಿಸ್ಟ್ರೆಸ್ ಬಂದು ನನ್ನ ಕೈ ಕುಲುಕಿದರು. ಲೆಕ್ಕ ನನ್ನದಲ್ಲ ಎಂದೆ.

"ಮತ್ತೆ ಯಾರದ್ದು?"

ನೀನು ತೀರಿಕೊಂಡ ಮೇಲೆ ಮೊದಲ ಸಲ ನಿನ್ನ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಆಕೆಯ ನಾಲಿಗೆ ತಡವರಿಸಿತು. ಸರಿಯಾಗಿ ಹೇಳುವವರೆಗೂ ನಾನು ಬಿಡಲಿಲ್ಲ.