ಅನಾನಸ್, ಜೇನು, ಬೆಣ್ಣೆ ಎಂದು ನೀವು ಬರೆದ ಚೀಟಿ

ಬೋರ್ವಾಲ್ ತೋಟ, ಲುವಾರ್ ನದಿಯ ದಂಡೆ, ಫ್ರಾನ್ಸ್
ಕಾವುತಿಂಗಳು 31, ಇಸವಿ 2284

ಪೂಜ್ಯ ಮುತ್ತಜ್ಜಿ ದಾನಮ್ಮನವರಿಗೆ ಗುರುಲಿಂಗನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವೆಂದಾದಾಗ ಜುಲೈ, ಆಗಸ್ಟ್ ನಡುವೆ ಇನ್ನೊಂದು ತಿಂಗಳನ್ನು ತುರುಕಿ, ಉಳಿದ ತಿಂಗಳುಗಳ ಬಾಲ ಕತ್ತರಿಸಿದರು. ಅದೇ ಕಾವುತಿಂಗಳು. ಈ ಓಲೆ ಕೈಸೇರುವಾಗ ನಿಮಗೆ ಮೂವತ್ತೆರಡು ವರ್ಷ. ಮದುವೆಯೂ ಆಗದವರನ್ನು ಮುತ್ತಜ್ಜಿ ಎಂದು ಕರೆಯುವುದು ವಿಚಿತ್ರವೇ. ಒಂಬತ್ತು ತಲೆಮಾರು ಹಿಂದಿನವರಿಗೆ ನಮ್ಮಲ್ಲಿ ಬೇರೆ ಹೆಸರಿಲ್ಲ, ಮನ್ನಿಸಿ. ವಿಜಯಪುರದಿಂದ ನೀವು ತಂದ ಕನ್ನಡವನ್ನು ಮನೆಯೊಳಗೆ ಹೇಗೋ ಉಳಿಸಿಕೊಂಡಿದ್ದೇವೆ. ಅಲ್ಲಲ್ಲಿ ಮಾತು ತೊದಲಿದರೆ ತಿದ್ದಿಕೊಂಡು ಓದಿ. ಹಿಂದಿನ ಕಾಲಕ್ಕೆ ಕಳಿಸುವ ಇಂಥ ಕಾಗದಕ್ಕೆ ಹಿಂದೋಲೆ ಎನ್ನುತ್ತೇವೆ. ಒಂದು ಮನೆತನಕ್ಕೆ ಒಂದೇ ಸಲ ಇದರ ಅವಕಾಶ. ನನ್ನ ದಾಯಾದಿಗಳು ಇದನ್ನು ಯಾವುದಾದರೂ ಲಾಭದ ಕೆಲಸಕ್ಕೆ ಬಳಸಬೇಕೆಂದಿದ್ದರು. ನಾನು ವೈನಿನ ಬಗ್ಗೆ ಬರೆಯಲು ಕೂತಿದ್ದೇನೆ. ಅವರಿಗೆ ನನ್ನ ಮೇಲೆ ಕೆಂಡದಂಥ ಕೋಪ.

ಇಲ್ಲಿ ಈಗ ಬಿಳಿ ವೈನ್ ಎಂದರೆ ತೊಟ್ಟಿವೈನ್. ಅದಕ್ಕೆ ದ್ರಾಕ್ಷಿ ಬೇಕಿಲ್ಲ. ಸಕ್ಕರೆ ನೀರು, ಹುದುಗು, ಮೇಲೆ ಸುರಿಯುವ ವಾಸನೆಗಳು, ಇಷ್ಟೇ. ಬೀದಿಯ ಮೂಲೆಮೂಲೆಗೆ ನಲ್ಲಿಗಳಿವೆ. ನಿಮ್ಮ ಕಾಲದಲ್ಲಿ ಈ ನದಿಯ ಉದ್ದಕ್ಕೂ ಊರೂರಿಗೆ ಒಂದೊಂದು ವೈನ್ ಇತ್ತಂತೆ. ಮೇಲ್ಗಡೆ ಸಾನ್ಸೆರ್, ನಡುವೆ ವೂವ್ರೆ, ಕಡಲ ಕಡೆಗೆ ಮ್ಯುಸ್ಕಾದೆ. ಈಗ ಅವು ನಲ್ಲಿಯ ಮೇಲಿನ ಮೂರು ಗುಂಡಿಗಳ ಹೆಸರು. ಯಾವುದನ್ನು ಒತ್ತಿದರೂ ಉಗುರುಬೆಚ್ಚಗಿನ ಹಳದಿ ದ್ರವ ಇಳಿಯುತ್ತದೆ. ಅನಾನಸ್ಸಿನ ವಾಸನೆ ಮೂಗಿಗೆ ಹೊಡೆಯುತ್ತದೆ, ಜೇನು ತುಟಿಗೆ ಅಂಟುತ್ತದೆ, ಬೆಣ್ಣೆಯ ಜಿಡ್ಡು ಲೋಟದ ಅಂಚಿನಲ್ಲಿ ಉಂಗುರ ಕಟ್ಟುತ್ತದೆ. ಜನ ಅದರಲ್ಲಿ ಬ್ರೆಡ್ ಅದ್ದಿ ತಿಂದು ಬೆರಳು ನೆಕ್ಕುತ್ತಾರೆ. ನಾನೂ ಹಾಲು ಬಿಟ್ಟಾಗಿನಿಂದ ಕುಡಿದದ್ದು ಅದನ್ನೇ.

ಈ ಅನಾನಸ್, ಜೇನು, ಬೆಣ್ಣೆ ಎಲ್ಲಿಂದ ಬಂದವು ಗೊತ್ತೇ? ನಿಮ್ಮಿಂದ. ಬೋರ್ವಾಲಿನ ಬಾಟಲಿಗಳ ಬೆನ್ನಿಗೆ ಅಂಟಿಸುವ ಚೀಟಿ ಬರೆಯುವುದು ನಿಮ್ಮ ಕೆಲಸ. ಕೊಳ್ಳುವವರ ಬಾಯಲ್ಲಿ ನೀರೂರಲಿ ಎಂದು ನೀವು ಒಳ್ಳೆಯದನ್ನಷ್ಟೇ ಬರೆದಿರಿ. ಅನಾನಸ್ಸಿನ ಸುಳಿವು, ಜೇನಿನ ನೆನಪು, ಬೆಣ್ಣೆ ಸವರಿದ ಬ್ರೆಡ್ಡು, ಬಿಳಿ ಹೂವು. ಓದಿದವರು ನಕ್ಕು, ಬಾಟಲಿ ತೆರೆದು, ನಿಜ ಏನೆಂದು ನಾಲಿಗೆಯಿಂದಲೇ ತಿಳಿದುಕೊಳ್ಳುತ್ತಿದ್ದರು. ಆಮೇಲೆ ಬಿಸಿಲಿಗೆ ಬಳ್ಳಿಗಳು ಸುಟ್ಟುಹೋದವು, ಚೀಟಿಗಳು ಉಳಿದವು. ದ್ರಾಕ್ಷಿಯನ್ನೇ ಕಾಣದ ಮಹಾನುಭಾವರು ಅವನ್ನು ಅಡುಗೆಯ ಪಟ್ಟಿಯಂತೆ ಓದಿ, ಬರೆದದ್ದನ್ನೆಲ್ಲ ಬರೆದಂತೆಯೇ ತೊಟ್ಟಿಗೆ ಸುರಿದರು. ಸುಳಿವು ಎಂದರೆ ಎಷ್ಟು ಕೊಡ ಎಂಬುದಕ್ಕೆ ಒಂದು ಸಮಿತಿಯೂ ಕೂತಿತ್ತು.

ನಮ್ಮ ತಾಯಿಯ ತಂಗಿ, ಕಸ್ತೂರಿ ಚಿಗವ್ವ, ಈ ಗುಡ್ಡದಲ್ಲಿ ಶೆನಿನ್ ಎಂಬ ಬಿಳಿ ದ್ರಾಕ್ಷಿಯ ನಲವತ್ತು ಬಳ್ಳಿ ಉಳಿಸಿಕೊಂಡಿದ್ದಳು. ನೀವು ನೆಟ್ಟ ಬಳ್ಳಿಗಳಿಂದ ಕಡ್ಡಿ ಕತ್ತರಿಸಿ, ಮತ್ತೆ ನೆಟ್ಟು, ತಲೆಮಾರಿನಿಂದ ತಲೆಮಾರಿಗೆ ಸಾಗಿಸಿಕೊಂಡು ಬಂದ ಬಳ್ಳಿಗಳು ಅವು. ಮೆದು ಸುಣ್ಣಕಲ್ಲು ಕೊರೆದು ಮಾಡಿದ ಹಳೆಯ ನೆಲಮಾಳಿಗೆಯ ಬಾಯಿಂದ ತಂಪುಗಾಳಿ ಬರುತ್ತದೆ. ಅದು ತಾಗುವಷ್ಟು ಜಾಗದಲ್ಲಿ ಮಾತ್ರ ಅವು ಬದುಕಿದ್ದವು. ಮಧ್ಯಾಹ್ನ ಚಿಗವ್ವ ತನ್ನ ಸೀರೆಗಳನ್ನೇ ಅವಕ್ಕೆ ನೆರಳಾಗಿ ಕಟ್ಟುತ್ತಿದ್ದಳು. ಹೋದ ವರ್ಷದ ಸುಗ್ಗಿಯಿಂದ ಒಂದು ಸಣ್ಣ ಪೀಪಾಯಿಯಷ್ಟು ವೈನ್ ಆಯಿತು. ಬಳ್ಳಿಗೆ ನೀರು ಬಿಡಬೇಕಾದರೆ ರುಚಿಪೀಠ ಒಪ್ಪಬೇಕು. ಏಳು ಜನ ಕೂತು, ಚೀಟಿಯಲ್ಲಿದ್ದಂತೆ ಇದೆಯೋ ಇಲ್ಲವೋ ನೋಡಿ ತೀರ್ಪು ಕೊಡುವ ಕಚೇರಿ ಅದು. ಏಳರಲ್ಲಿ ಒಬ್ಬರು ಒಪ್ಪಿದರೂ ಬಳ್ಳಿ ಉಳಿಯುತ್ತದೆ, ಇಲ್ಲದಿದ್ದರೆ ಕೀಳಿಸುತ್ತಾರೆ. ಆ ಏಳನೆಯ ಕುರ್ಚಿ ನನ್ನದು. ಅದಕ್ಕೇ ಚಿಗವ್ವ ಧೈರ್ಯವಾಗಿದ್ದಳು. ತೀರ್ಪಿನ ಹಿಂದಿನ ದಿನ ನನ್ನ ತಲೆ ಸವರಿ, "ತಮ್ಮಾ, ನೀ ಅದೀಯಲ್ಲ, ನನಗ್ಯಾತರ ಅಂಜಿಕಿ?" ಎಂದಿದ್ದಳು.

ಆರು ಜನ ಮೂಸಿ, ಬಾಯಿಗಿಟ್ಟು, ಉಗುಳಿ, ದೋಷವೆಂದು ಬರೆದರು. ಅನಾನಸ್ ಇಲ್ಲ, ಬೆಣ್ಣೆ ಇಲ್ಲ. ನಾನು ಲೋಟ ಎತ್ತಿದೆ. ಒಪ್ಪಿಗೆ ಎಂದು ಬರೆಯಲು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಆದರೆ ಅದು ಹುಳಿಯಾಗಿತ್ತು ಮುತ್ತಜ್ಜಿ, ಕಿವಿಯ ಬುಡ ಜುಮ್ಮೆನ್ನುವಷ್ಟು ಹುಳಿ. ತೊಯ್ದ ಕಂಬಳಿಯ ವಾಸನೆ, ಅದರ ಹಿಂದೆ ಹಸಿ ಸೇಬಿನ ಸಿಪ್ಪೆ, ಸುಣ್ಣ. ನುಂಗಲು ನೋಡಿದೆ, ಇಳಿಯಲಿಲ್ಲ. ಚಿಗವ್ವ ಎದುರಿಗೇ ನಿಂತಿದ್ದಳು. ನಾನು ಮೇಜಿನ ಮೇಲೆಯೇ ಉಗುಳಿಬಿಟ್ಟೆ. ಉಗುಳಿದ ಮೇಲೆ ಒಪ್ಪಿಗೆ ಎಂದು ಬರೆದರೆ ಯಾರು ನಂಬುತ್ತಾರೆ? ದೋಷ ಎಂದೇ ಬರೆದೆ.

ಅವಳು ಬೈಯಲಿಲ್ಲ. ಲೋಟದಲ್ಲಿ ಉಳಿದದ್ದನ್ನು ತಾನೇ ಕುಡಿದು, "ಹುಳಿ ಇಲ್ಲದ್ದು ದ್ರಾಕ್ಷಿ ಹ್ಯಾಂಗಾದೀತೋ, ಮಗನ? ಇಷ್ಟೂ ತಿಳೀಲಿಲ್ಲ ನಿನಗ?" ಎಂದಳು. ನಿನ್ನೆ ಯಂತ್ರ ಬಂದು ನಲವತ್ತನ್ನೂ ಬೇರುಸಹಿತ ಕಿತ್ತುಹಾಕಿತು. ಸೀರೆಗಳನ್ನು ಮಡಚಿಟ್ಟುಕೊಂಡು ಅವಳು ಒಳಗೆ ಹೋದವಳು ಇನ್ನೂ ಹೊರಬಂದಿಲ್ಲ.

ಪೀಠದವರ ಮೇಲೆ ನನಗೆ ಹೇಸಿಗೆಯಿದೆ, ನಲ್ಲಿಯ ಮುಂದೆ ಸಾಲುಗಟ್ಟುವ ಜನರ ಮೇಲೆಯೂ ಇದೆ. ಆದರೆ ಅವರೆಲ್ಲರಿಗಿಂತ ಹೆಚ್ಚು ಹೇಸಿಗೆ ಬರುವುದು ನನ್ನ ಈ ನಾಲಿಗೆಯ ಮೇಲೆ. ನಾನು ಹೆದರಿ ಸುಳ್ಳು ಹೇಳಿದ್ದರೆ ಒಂದು ದಿನ ಕ್ಷಮೆ ಕೇಳಬಹುದಿತ್ತು. ನಾನು ಸುಳ್ಳು ಹೇಳಲಿಲ್ಲ. ನನಗೆ ಅದು ನಿಜವಾಗಿಯೂ ಸೇರಲಿಲ್ಲ.

ಒಂದೇ ಬೇಡಿಕೆ. ನಾಳೆ ಕೆಲಸಕ್ಕೆ ಕೂತಾಗ ಒಂದು ಚೀಟಿಯಲ್ಲಾದರೂ ಇದ್ದದ್ದನ್ನು ಇದ್ದಂತೆ ಬರೆಯಿರಿ. ಹುಳಿ ಎಂದು ಬರೆಯಿರಿ. ತೊಯ್ದ ಕಂಬಳಿ ಎಂದು ಬರೆಯಿರಿ. ಮಾಲೀಕರು ಹುಬ್ಬು ಗಂಟಿಕ್ಕಿದರೆ ಗಂಟಿಕ್ಕಲಿ, ಹತ್ತು ಬಾಟಲಿ ಕಡಿಮೆ ಹೋದರೆ ಹೋಗಲಿ. ನಿಮಗೆ ಮಕ್ಕಳಾದಾಗ ಅವರ ನಾಲಿಗೆಗೆ ಒಂದು ಕಾಯಿ ದ್ರಾಕ್ಷಿ ಹಿಂಡಿ, ಮುಖ ಕಿವುಚಿದರೂ ಬಿಡಬೇಡಿ. ನೀವು ಇಷ್ಟು ಮಾಡದಿದ್ದರೆ, ನಿಮ್ಮ ಕೈಯಾರೆ ನೆಟ್ಟ ಬಳ್ಳಿಯ ಕೊನೆಯ ರಸವನ್ನು ನಿಮ್ಮದೇ ರಕ್ತ ಹಂಚಿಕೊಂಡ ಒಬ್ಬ ಬಾಯಿಗಿಟ್ಟು, ಹೇಸಿ ಉಗುಳುತ್ತಾನೆ.

ಇಂತಿ,
ಉಗುಳಿದವನು,
ಗುರುಲಿಂಗ